ನೀವೇ ಒತ್ತಿರ್ತೀರಿ



ಪೋಸ್ಟು ಉದ್ದ ಇದೆ. ಓದೋಕೆ ಟೈಮಿಲ್ಲ ಅನ್ನೋರು ಕಡೇಪಕ್ಷ ನಿಮ್ಮ ಅವ್ವನ ಫೋನ್ ತಗೊಂಡು 155223ಕ್ಕೆ ಒಂದು ಕಾಲ್ ಮಾಡಿ. ಆಮೇಲೆ ಬಂದು ಓದಿ.

ಹೋದ ತಿಂಗಳು ನಮ್ಮ ದೊಡ್ಡವ್ವನ ಮೂವತ್ತು ರೂಪಾಯಿ ವಿಚಾರವನ್ನ ಒಂದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಹಿರಿಯ ಸಂಗಾತಿಯೊಬ್ಬರು ನಗೋ ಮುಖ ಹಾಕಿ, "ಒಳಮೀಸಲಾತಿ, ಬಡ್ತಿ ಮೀಸಲಾತಿ, ದೌರ್ಜನ್ಯದ ಕೇಸು ಇಷ್ಟೆಲ್ಲ ಬಿದ್ದಿರೋವಾಗ ನೀನು ರೀಚಾರ್ಜ್ ಲೆಕ್ಕ ಬರೀತಿದ್ದೀಯಲ್ಲಪ್ಪ" ಅಂದರು. ಹನ್ನೊಂದು ಜನ ಅದಕ್ಕೆ ಹೆಬ್ಬೆಟ್ಟು ಎತ್ತಿದರು. ಆ ಹಿರಿಯರ ಮೇಲೆ ನನಗೆ ಗೌರವ ಇದೆ. ಅವರ ಜೊತೆ ಎಷ್ಟೋ ರಾತ್ರಿ ಠಾಣೆ ಮುಂದೆ ಕೂತಿದ್ದೀನಿ, ಎಫ್‌ಐಆರ್ ಹೇಗೆ ಓದಬೇಕು ಅಂತ ಕಲಿಸಿದ್ದೇ ಅವರು. ಆದರೂ ಈ ಮಾತು ತಪ್ಪು. ಯಾಕೆ ತಪ್ಪು ಅಂತ ಇಲ್ಲಿ ಬರೀತೀನಿ, ಗ್ರೂಪಿನಲ್ಲಿ ಬರೆದರೆ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಹೂತು ಹೋಗುತ್ತೆ.

ಮೊದಲು ದೊಡ್ಡವ್ವನ ವಿಷಯ.

ಅವಳಿಗೆ ಅರವತ್ತು ದಾಟಿದೆ. ಎಷ್ಟು ದಾಟಿದೆ ಅಂತ ಅವಳಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಇದೆ. ಬಾಳೆ ತೋಟದ ಕೂಲಿ. ರಬ್ಬರ್ ಬ್ಯಾಂಡ್ ಸುತ್ತಿರೋ ಕೀಪ್ಯಾಡ್ ಫೋನು. ದೊಡ್ಡ ಅನ್‌ಲಿಮಿಟೆಡ್ ಪ್ಯಾಕು ಅವಳ ಕೈಗೆ ಎಟುಕಲ್ಲ. ನಂಬರ್ ಜೀವಂತ ಇರಲಿ ಅಂತ ಒಂದು ಸಣ್ಣ ಪ್ಯಾಕು, ಮಾತಾಡೋಕೆ ಅಂತ ಆಗಾಗ ಐವತ್ತರ ಟಾಪ್ ಅಪ್ಪು. ಟಾಪ್ ಅಪ್ಪಿನ ಲೆಕ್ಕ ನಿಮಗೆ ಗೊತ್ತಿರಬಹುದು. ಐವತ್ತು ಕೊಟ್ಟರೆ ತೆರಿಗೆ, ಫೀಸು ಅಂತ ಹೋಗಿ ಕೈಗೆ ಸಿಗೋದು ಮೂವತ್ತೊಂಬತ್ತು ಚಿಲ್ಲರೆ. ಅದು ಕಾನೂನುಬದ್ಧ, ಇರಲಿ. ಅವಳ ಮೊಮ್ಮಗಳು ಟೌನಿನಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದ್ತಾಳೆ. ಆ ಫೋನು ಇರೋದೇ ಆ ಹುಡುಗಿಗೋಸ್ಕರ.

ಒಂದಿನ ಹುಡುಗಿಗೆ ಜೋರು ಜ್ವರ. ಯಾರದೋ ಫೋನಿಂದ ಮಿಸ್ ಕಾಲ್ ಕೊಟ್ಟಿದ್ದಾಳೆ. ದೊಡ್ಡವ್ವ ತಿರುಗಿಸಿ ಮಾಡಿದರೆ ದುಡ್ಡಿಲ್ಲ. ನಾಲ್ಕು ದಿನದ ಹಿಂದೆ ಟಾಪ್ ಅಪ್ ಹಾಕಿಸಿದಾಳೆ, ಮಾತಾಡಿರೋದು ಎರಡೇ ಸಲ. ತೋಟದಿಂದ ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಹೋಗಿ ರೀಚಾರ್ಜ್ ಅಂಗಡಿ ಹುಡುಗನ್ನ ಕೇಳಿದರೆ, ಅವನು ತಲೆ ಎತ್ತದೆ ಹೇಳಿದ್ದು: "ಅಜ್ಜಿ, ನೀವೇ ಏನೋ ಒತ್ತಿರ್ತೀರಿ."

ಸಂಜೆ ನಮ್ಮ ಮನೆಗೆ ಬಂದಳು. ಬೈಸಿಕೊಳ್ಳೋಳ ಥರ ಬಾಗಿಲಲ್ಲೇ ನಿಂತು, "ನಾನೇನೂ ಒತ್ನಿಲ್ಲ ಕನ್ ಮಗ. ಹಸ್ರು ಬಟನ್ನು, ಕೆಂಪು ಬಟನ್ನು, ಎರಡೇ ನಂಗೊತ್ತಿರದು" ಅಂದಳು. ಕಳೆದುಕೊಂಡಿರೋದು ಅವಳ ದುಡ್ಡು, ತಪ್ಪೊಪ್ಪಿಗೆ ಕೊಡ್ತಿರೋದೂ ಅವಳೇ. ನನಗೆ ಹೊಟ್ಟೆಯೊಳಗೆ ಕಿವುಚಿದಂಗಾಯ್ತು.

ಇನ್‌ಬಾಕ್ಸ್ ತೆಗೆದು ನೋಡಿದೆ. ಓದದೇ ಇರೋ ನೂರಾರು ಮೆಸೇಜು, ಬಹುಪಾಲು ಇಂಗ್ಲಿಷು. ಅದರೊಳಗೆ ದಿನಾ ಬೆಳಿಗ್ಗೆ ಒಂದು ರಾಶಿಫಲ. ತಿಂಗಳಿಗೆ ಮೂವತ್ತು ರೂಪಾಯಿಯ ದಿನಭವಿಷ್ಯ ಸೇವೆಗೆ ನಮ್ಮ ದೊಡ್ಡವ್ವ ಐದು ತಿಂಗಳಿಂದ ಚಂದಾದಾರಳು! ಹುಟ್ಟಿದ ದಿನವೇ ಗೊತ್ತಿಲ್ಲದ ಹೆಂಗಸಿಗೆ, ಓದೋಕೆ ಬಾರದ ಹೆಂಗಸಿಗೆ, ಇಂಗ್ಲಿಷಿನಲ್ಲಿ ರಾಶಿಫಲ. ಜನವರಿ ಒಂದರ ಲೆಕ್ಕದಲ್ಲಿ ನೋಡಿದರೆ ನಮ್ಮ ಕೇರಿಯ ಅರ್ಧ ಜನದ್ದು ಒಂದೇ ರಾಶಿ, ಒಂದೇ ಮೆಸೇಜ್ ಕಳಿಸಿದ್ದರೂ ಸಾಕಾಗಿತ್ತು.

ಅವಳ ಫೋನಿಂದಲೇ 198ಕ್ಕೆ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ ಅಂತ ಇಪ್ಪತ್ತು ನಿಮಿಷ. ಕೊನೆಗೆ ಸಿಕ್ಕಿದ ಹುಡುಗ, ಪಾಪ, ಅವನೂ ನಮ್ಮ ಥರದ ಮನೆಯವನೇ ಇರಬೇಕು, ಎದುರಿಗಿದ್ದ ಪರದೆ ಓದಿ ಹೇಳಿದ: "ನಿಮ್ಮ ನಂಬರಿಂದಲೇ ಆ್ಯಕ್ಟಿವೇಟ್ ಆಗಿದೆ ಸರ್. ಕಸ್ಟಮರ್ರೇ ಒತ್ತಿರ್ತಾರೆ."

ಅಂಗಡಿಯವನ ಬಾಯಲ್ಲೂ ಅದೇ, ಕಂಪನಿ ಬಾಯಲ್ಲೂ ಅದೇ. ಒತ್ತಿರ್ತೀರಿ.

ಈ ಪದ ನಮ್ಮ ಕೇರಿಗೆ ಹೊಸದಲ್ಲ ಗೆಳೆಯರೇ. ನಮ್ಮ ತಾತ ಜೀತಕ್ಕಿದ್ದವನು. ಯಾವುದೋ ಮದುವೆಗೆ ತಗೊಂಡ ಸಾಲ. ಲೆಕ್ಕದ ಪುಸ್ತಕ ಇದ್ದದ್ದು ಧಣಿ ಮನೆಯ ಗೂಡಿನಲ್ಲಿ. ಎಷ್ಟು ವರ್ಷ ದುಡಿದರೂ ಸಾಲ ತೀರಲಿಲ್ಲ, ಯಾಕೆ ಅಂತ ಕೇಳಿದರೆ ಬರ್ತಿದ್ದ ಉತ್ತರ "ನೀನೇ ಹೆಬ್ಬೆಟ್ಟು ಒತ್ತಿದ್ದೀಯಲ್ಲೋ, ನೋಡು". ಏನು ನೋಡೋದು? ಅವನಿಗೆ ಕಾಣ್ತಿದ್ದದ್ದು ಒಂದು ನೀಲಿ ಮಚ್ಚೆ. ಅದರ ಮೇಲೆ ಬರೆದಿದ್ದ ನಾಲ್ಕು ಸಾಲು ಏನು ಅಂತ ಅವನಿಗೆ ಯಾರೂ ಓದಿ ಹೇಳಲಿಲ್ಲ. ಒತ್ತಿದ್ದು ನಿಜ. ಒಪ್ಪಿದ್ದು ಸುಳ್ಳು. ಈ ಎರಡರ ನಡುವಿನ ಸಂದಿನಲ್ಲೇ ಮೂರು ತಲೆಮಾರು ದುಡಿದು ಸತ್ತಿದೆ.

ಅದಕ್ಕೇ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಒಂದು ಕಲಮು ಇದೆ, 15ನೆಯದು. ನಮ್ಮಲ್ಲಿ ಎಷ್ಟು ಜನ ಅದನ್ನ ಓದಿದ್ದೀರೋ ಗೊತ್ತಿಲ್ಲ. ಇದು ಜೀತದ ಸಾಲ ಅಂತ ಜೀತಗಾರ ಹೇಳಿದರೆ ಸಾಕು, ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಕಾಗದ ಯಾರ ಕೈಯಲ್ಲಿದೆಯೋ, ಓದೋಕೆ ಬರೆಯೋಕೆ ಯಾರಿಗೆ ಬರುತ್ತೋ, ಪುರಾವೆಯ ಹೊರೆ ಅವನ ತಲೆ ಮೇಲೆ. ಐವತ್ತು ವರ್ಷದ ಹಿಂದೆಯೇ ಈ ದೇಶದ ಕಾನೂನಿಗೆ ಈ ಸರಳ ನ್ಯಾಯ ಹೊಳೆದಿತ್ತು. ಈಗ ಸರ್ವರ್ ಕಂಪನಿ ಹತ್ತಿರ, ಲಾಗ್ ಕಂಪನಿ ಹತ್ತಿರ, ತಾರೀಕು ಗಂಟೆ ಸೆಕೆಂಡು ಎಲ್ಲ ಕಂಪನಿ ಹತ್ತಿರ. ದೊಡ್ಡವ್ವನ ಹತ್ತಿರ ಇರೋದು ಹಸಿರು ಬಟನ್ನು, ಕೆಂಪು ಬಟನ್ನು. ಆದರೂ ತಾನು ಒತ್ತಿಲ್ಲ ಅಂತ ಸಾಬೀತು ಮಾಡಬೇಕಾದವಳು ಅವಳಂತೆ!

ನಿಯಮ ಇಲ್ಲವಾ? ಇದೆ. ಟ್ರಾಯ್, ಅಂದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, 2013ರಲ್ಲೇ ಆದೇಶ ಮಾಡಿದೆ. ಇಂಥ ಮೌಲ್ಯವರ್ಧಿತ ಸೇವೆ ಶುರು ಮಾಡೋ ಮುಂಚೆ ಗ್ರಾಹಕರ ಒಪ್ಪಿಗೆ ಎರಡು ಸಲ ತಗೋಬೇಕು, ಎರಡನೇ ಸಲದ್ದು ಆ ಸೇವೆ ಮಾರೋನ ಕೈಯಲ್ಲಿ ಇರಬಾರದು. (ಮೌಲ್ಯವರ್ಧಿತವಂತೆ. ಯಾರ ಮೌಲ್ಯ ವರ್ಧಿಸ್ತೋ.) ಹಾಗಾಗಿ ನಾನು ಆ ಹುಡುಗನ್ನ ಕೇಳಿದ್ದು ನಾಲ್ಕೇ ಪ್ರಶ್ನೆ. ಯಾವ ತಾರೀಕು, ಎಷ್ಟು ಗಂಟೆಗೆ, ಮೆಸೇಜಿಂದನಾ ಕಾಲಿಂದನಾ, ಎರಡನೇ ಒಪ್ಪಿಗೆ ಎಲ್ಲಿದೆ? "ಅದು ನಮಗೆ ಕಾಣಲ್ಲ ಸರ್." ಕಾಣದೇ ಇರೋದನ್ನ ಒತ್ತಿರ್ತಾರೆ ಅಂತ ಹೆಂಗಪ್ಪ ಹೇಳಿದೆ ಅಂದೆ. ಲೈನು ಸ್ವಲ್ಪ ಹೊತ್ತು ಸುಮ್ಮನಾಯ್ತು. ಡಾಕೆಟ್ ನಂಬರ್ ಕೊಟ್ಟ.

ವಾರ ಬಿಟ್ಟು ಮೆಸೇಜು: ನಿಮ್ಮ ದೂರು ಪರಿಹರಿಸಲಾಗಿದೆ. ಏನು ಪರಿಹಾರ? ಸೇವೆ ನಿಲ್ಲಿಸಿದ್ದಾರೆ, ದುಡ್ಡಿಲ್ಲ. ಮೇಲ್ಮನವಿ ಹಾಕಿದೆ. ಆಮೇಲೆ ಒಂದು ದಿನ ಅವಳ ಬ್ಯಾಲೆನ್ಸಿಗೆ ತೊಂಬತ್ತು ರೂಪಾಯಿ ಬಂತು. ಜೊತೆಗೆ ಒಂದು ಕಾಲ್, ಬಹಳ ನಯವಾದ ಹೆಣ್ಣು ದನಿ, "ಸದ್ಭಾವನೆಯಿಂದ ಕೊಡ್ತಿದ್ದೀವಿ ಸರ್." ನೂರೈವತ್ತು ತಗೊಂಡು ತೊಂಬತ್ತು ಕೊಡೋದಕ್ಕೆ ಸದ್ಭಾವನೆ ಅಂತ ಹೆಸರು. ಹಬ್ಬದ ದಿನ ಧಣಿ ಮನೆ ಹಿತ್ತಲಲ್ಲಿ ತಾತನ ಬಟ್ಟಲಿಗೆ ಮೇಲಿಂದ ಸುರೀತಿದ್ದ ಅನ್ನಕ್ಕೂ ಹೀಗೇ ಒಂದು ಒಳ್ಳೇ ಹೆಸರಿತ್ತು. ಮೇಡಂ, ಇದು ನಿಮ್ಮ ಔದಾರ್ಯ ಅಲ್ಲ, ನಮ್ಮ ದುಡ್ಡು, ಉಳಿದ ಅರವತ್ತು ಎಲ್ಲಿ ಅಂದೆ. ಆ ಅರವತ್ತು ಇನ್ನೂ ಬಂದಿಲ್ಲ. ಬಿಡಲ್ಲ.

ಈಗ ನನ್ನ ಮಾನ ನಾನೇ ಕಳೆದುಕೊಳ್ತೀನಿ. ದೊಡ್ಡವ್ವನ ವಿಷಯದಲ್ಲಿ ಇಷ್ಟು ಹಾರಾಡಿದ ಮೇಲೆ ನನ್ನ ಪೋಸ್ಟ್‌ಪೇಯ್ಡ್ ಬಿಲ್ಲನ್ನ ಒಂದು ಸಲ ನೋಡೋಣ ಅಂತ ತೆಗೆದೆ. ಎಂ.ಎ. ಓದಿದೋನು, ಭಾಷಣ ಮಾಡೋನು, ಆರ್‌ಟಿಐ ಹಾಕೋನು. ಬಿಲ್ಲಿನ ಮೂರನೇ ಪುಟದಲ್ಲಿ ಯಾವುದೋ ಗೇಮ್ಸ್ ಪ್ಯಾಕು, ತಿಂಗಳಿಗೆ 99, ಏಳು ತಿಂಗಳಿಂದ. ಶೇಕಡ 18 ಜಿಎಸ್‌ಟಿ ಸೇರಿಸಿದರೆ 817 ರೂಪಾಯಿ ಚಿಲ್ಲರೆ. ಮೊದಲ ಪುಟದಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತೆ, ನಾನು ಅದನ್ನ ನೋಡಿ ಕಟ್ಟಿ ಬಿಡ್ತಿದ್ದೆ. ಅಕ್ಷರ ಬಂದ ಮಾತ್ರಕ್ಕೆ ಓದು ಬಂದಂಗಲ್ಲ ಅಂತ ಆವತ್ತು ಗೊತ್ತಾಯ್ತು. ಆ ಹನ್ನೊಂದು ಜನಕ್ಕೂ ಹೇಳ್ತಿದ್ದೀನಿ, ಮೂರನೇ ಪುಟ ನೋಡಿ.

ಇದು ಕಣ್ತಪ್ಪಿನಿಂದ ಆಗೋದಲ್ಲ. ಗೊತ್ತಾಗದ ಹಾಗೆ ಬುಟ್ಟಿಗೆ ತುರುಕೋದು, ಚಂದಾಕ್ಕೆ ಸಿಕ್ಕಿಸಿ ಹೊರಗೆ ಬಿಡದಿರೋದು, ಕೊನೇ ಗಳಿಗೆಯಲ್ಲಿ ಫೀಸು ಸೇರಿಸೋದು, ಇಂಥ 13 ಮೋಸದ ವಿನ್ಯಾಸಗಳನ್ನ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ 2023ರಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಡಾರ್ಕ್ ಪ್ಯಾಟರ್ನ್ ಅಂತಾರೆ. ಪರದೆ ಮೇಲೆ ತಟ್ಟನೆ ಒಂದು ಚೌಕ ಬರುತ್ತೆ, ಓಕೆ ದೊಡ್ಡದಾಗಿ, ಬೇಡ ಅನ್ನೋದು ಸಣ್ಣದಾಗಿ. ಕತ್ತಲಲ್ಲಿ ಟಾರ್ಚ್ ಹಾಕೋಕೆ ಅಂತ ಫೋನ್ ಹಿಡಿದ ಕೈ ಅದರ ಮೇಲೆ ಬೀಳಲಿ ಅಂತಲೇ ಅದನ್ನ ಅಲ್ಲಿ ಇಟ್ಟಿರೋದು.

ಇನ್ನು ಲೆಕ್ಕದ ಪುಸ್ತಕ ನೋಡಬೇಕು ಅಂದರೆ? 2012ರ ನಿಯಮದಂತೆ ಪ್ರೀಪೇಯ್ಡ್ ಗ್ರಾಹಕರು ಹಿಂದಿನ ಆರು ತಿಂಗಳೊಳಗಿನ ವಿವರವಾದ ಬಿಲ್ ಕೇಳಬಹುದು, ಕಂಪನಿ 30 ದಿನದಲ್ಲಿ ಕೊಡಬೇಕು. ಆದರೆ ಅದಕ್ಕೆ ಐವತ್ತು ರೂಪಾಯಿವರೆಗೆ ತಗೋಬಹುದು. ಮೂವತ್ತು ರೂಪಾಯಿ ಕಳವಾಗಿದೆ ಅಂತ ತೋರಿಸೋಕೆ ಐವತ್ತು ಕೊಡಬೇಕು! ಟ್ರಾಯ್ ಹತ್ತಿರ ಹೋದರೆ ಒಬ್ಬೊಬ್ಬರ ದೂರು ಇತ್ಯರ್ಥ ಮಾಡೋ ಅಧಿಕಾರ ಅದಕ್ಕಿಲ್ಲ, ಕಂಪನಿಗೇ ಕಳಿಸುತ್ತೆ. ಮೇಲ್ಮನವಿ ಪ್ರಾಧಿಕಾರ ಅಂತ ಇದೆಯಲ್ಲ, ಅದನ್ನ ನೇಮಿಸೋದೂ ಕಂಪನಿಯೇ. ಧಣಿ ಮೇಲಿನ ದೂರನ್ನ ಧಣಿ ಮನೆ ಪಡಸಾಲೆಯಲ್ಲೇ ವಿಚಾರಣೆ ಮಾಡಿದ ಹಾಗೆ.

ಕೋರ್ಟಿನ ಬಾಗಿಲೂ ಬಹಳ ಕಾಲ ಅರ್ಧ ಮುಚ್ಚಿತ್ತು. ಟೆಲಿಫೋನ್ ಬಿಲ್ ತಕರಾರು ಗ್ರಾಹಕ ವೇದಿಕೆಗೆ ಬರೋ ಹಾಗಿಲ್ಲ, ಹಳೇ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಮಧ್ಯಸ್ಥಿಕೆಗೆ ಹೋಗಬೇಕು ಅಂತ ಸುಪ್ರೀಂ ಕೋರ್ಟು 2009ರಲ್ಲಿ ಹೇಳಿಬಿಟ್ಟಿತ್ತು. ಕಂಪನಿಗಳಿಗೆ ಅದೊಂದು ಒಳ್ಳೇ ಬೇಲಿ ಆಯ್ತು. ಆಮೇಲೆ ಅಹಮದಾಬಾದಿನ ಗ್ರಾಹಕರೊಬ್ಬರಿಗೆ ಸರಾಸರಿ 555 ರೂಪಾಯಿ ಬರ್ತಿದ್ದ ಬಿಲ್ಲು 2013ರ ಕೊನೆಯಲ್ಲಿ ಒಂದು ತಿಂಗಳು 24,609 ರೂಪಾಯಿ ಬಂತು. ಅವರು 2014ರಲ್ಲಿ ಜಿಲ್ಲಾ ವೇದಿಕೆಗೆ ಹೋದರು. ಕಂಪನಿ ಬಿಲ್ಲಿನ ಬಗ್ಗೆ ಮಾತಾಡೋ ಬದಲು ಈ ಕಟ್ಟೆಯೇ ಸರಿಯಿಲ್ಲ ಅಂತ ಜಗಳ ತೆಗೆದು ದಿಲ್ಲಿವರೆಗೆ ಹೋಯ್ತು. 2022ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಮೊಬೈಲ್ ಸೇವೆಯ ತಕರಾರನ್ನ ಗ್ರಾಹಕ ಆಯೋಗ ವಿಚಾರಣೆ ಮಾಡಬಹುದು ಅಂತ ಸ್ಪಷ್ಟವಾಗಿ ಹೇಳಿದರು. ಎಲ್ಲಿ ಕೇಳಬೇಕು ಅನ್ನೋದು ತೀರ್ಮಾನ ಆಗೋಕೇ ಎಂಟು ವರ್ಷ. ಆ ಮನುಷ್ಯನ ಹಟಕ್ಕೆ ನನ್ನದೊಂದು ಸಲಾಮು, ನಮಗೆಲ್ಲ ಬಾಗಿಲು ತೆಗೆಸಿಕೊಟ್ಟರು.

ಆ ಬಾಗಿಲಲ್ಲಿ ನಾವು ಹೋಗಬೇಕು. ದಾರಿ ಹೀಗಿದೆ. ರೀಚಾರ್ಜ್ ಮಾಡಿಸಿದ ದಿನ, ಮೊತ್ತ ಒಂದು ಕಡೆ ಬರೆದಿಡಿ, ಕ್ಯಾಲೆಂಡರ್ ಮೇಲಾದರೂ ಸರಿ. ದುಡ್ಡು ಕಟ್ ಆದ ಮೆಸೇಜನ್ನ ಯಾವ ಕಾರಣಕ್ಕೂ ಅಳಿಸಬೇಡಿ, ಸಾಕ್ಷಿ ಅದೊಂದೇ. 155223 ಎಲ್ಲ ಕಂಪನಿಗೂ ಒಂದೇ ನಂಬರು, ಕಾಲ್ ಪುಕ್ಕಟೆ, ಏನೇನು ಸೇವೆ ಹತ್ತಿಕೊಂಡಿದೆ ಅಂತ ಕೇಳಿ ಅಲ್ಲೇ ನಿಲ್ಲಿಸಬಹುದು. ನಿಲ್ಲಿಸಿದರೆ ಮುಗೀಲಿಲ್ಲ, ಹೋದ ದುಡ್ಡು ಕೇಳೋದು 198ರಲ್ಲಿ. ಡಾಕೆಟ್ ನಂಬರ್ ಕೊಡೋವರೆಗೆ ಫೋನ್ ಇಡಬೇಡಿ, ಕನ್ನಡದಲ್ಲೇ ಮಾತಾಡಿ. ಉತ್ತರ ಒಪ್ಪಿಗೆ ಆಗಲಿಲ್ಲ ಅಂದರೆ 30 ದಿನದೊಳಗೆ ಮೇಲ್ಮನವಿ, ಫೀಸಿಲ್ಲ, 39 ದಿನದಲ್ಲಿ ತೀರ್ಮಾನ ಮಾಡಬೇಕು. ಅದೂ ಆಗಲಿಲ್ಲವೋ, ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. ನಾವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮಧ್ಯೆ ಸಲಹೆಗೆ 1915 ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

28 ದಿನದ ಆಟ ನಿಮಗೆಲ್ಲ ಗೊತ್ತು. ತಿಂಗಳ ಪ್ಯಾಕು ಅಂತಾರೆ, ವರ್ಷಕ್ಕೆ ಹದಿಮೂರು ಸಲ ಹಾಕಿಸ್ತಾರೆ. ಯಾವ ಕ್ಯಾಲೆಂಡರಿನಲ್ಲಪ್ಪ ಹದಿಮೂರು ತಿಂಗಳಿರೋದು? 30 ದಿನದ್ದೂ, ಪ್ರತಿ ತಿಂಗಳು ಒಂದೇ ತಾರೀಕಿಗೆ ಬರೋದೂ ಒಂದೊಂದಾದರೂ ಪ್ಯಾಕ್ ಇಡಲೇಬೇಕು ಅಂತ 2022ರಲ್ಲೇ ಟ್ರಾಯ್ ಆದೇಶ ಇದೆ. ಡೇಟಾ ಬೇಡದವರಿಗೆ ಬರೀ ಕಾಲು, ಮೆಸೇಜಿನ ಪ್ಯಾಕು ಕೊಡಿ ಅಂತ 2024ರ ಡಿಸೆಂಬರಿನಲ್ಲಿ ಇನ್ನೊಂದು. ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ, ನೀವೇ ಹೆಸರು ಹಿಡಿದು ಕೇಳಿ. ಕೊಡಗಿನ ಲೈನ್ ಮನೆಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿರೋ ನಮ್ಮ ಜನಕ್ಕೆ ಇದನ್ನ ತಲುಪಿಸಿ. ನರೇಗಾ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಹದಿಮೂರನೇ ರೀಚಾರ್ಜು ಅಂದರೆ ಎಷ್ಟು ಹೊತ್ತಿನ ಬೆವರು ಅಂತ ಯೋಚನೆ ಮಾಡಿ.

ಈಗ ನಮ್ಮ ಹಿರಿಯರ ಮಾತಿಗೆ ಬರ್ತೀನಿ. ಇದು ಮಧ್ಯಮ ವರ್ಗದ ಗ್ರಾಹಕರ ಗೋಳು, ನಮ್ಮ ಚಳವಳಿಗೆ ಸಂಬಂಧ ಇಲ್ಲ ಅಂತ ಅವರ ಮಾತಿನ ಒಳಗಿರೋ ಅರ್ಥ. ಅಣ್ಣ, ನಮ್ಮನ್ನ ಗ್ರಾಹಕ ಅಂತ ಯಾರು ಯಾವಾಗ ಒಪ್ಪಿದ್ದರು? ಹೋಟೆಲಿನಲ್ಲಿ ದುಡ್ಡು ಕೊಟ್ಟರೂ ಬೇರೆ ಲೋಟ. ಕ್ಷೌರದ ಅಂಗಡಿಯಲ್ಲಿ ದುಡ್ಡು ಕೊಡ್ತೀನಿ ಅಂದರೂ ಕತ್ತರಿ ಮುಟ್ಟಲ್ಲ. ದಿನಸಿ ಅಂಗಡಿಯವನು ಚಿಲ್ಲರೆಯನ್ನ ಕೈಗೆ ಕೊಡದೆ ಮೇಲಿಂದ ಬಿಡ್ತಿದ್ದ. ಬಿದ್ದದ್ದನ್ನ ಆಯ್ದುಕೊಂಡು ಬರೋದು, ಎಣಿಸೋ ಹಾಗಿಲ್ಲ, ತೂಕ ನೋಡೋ ಹಾಗಿಲ್ಲ. ಲೆಕ್ಕ ಕೇಳೋದೇ ಕೊಬ್ಬು. ದುಡ್ಡು ಕೊಟ್ಟ ಮೇಲೆ ಲೆಕ್ಕ ಕೇಳೋ ಹಕ್ಕು ಸವರ್ಣರಿಗೆ ಹುಟ್ಟಿನಿಂದ ಬಂದಿರಬಹುದು, ನಮಗೆ ಅದು ಹೋರಾಟದಿಂದ ಬಂದದ್ದು, ಇನ್ನೂ ಪೂರ್ತಿ ಬಂದಿಲ್ಲ. ಬಾಗಿಲಲ್ಲಿ ನಿಂತು ತಪ್ಪೊಪ್ಪಿಕೊಂಡ ದೊಡ್ಡವ್ವನ ಮೈಯಲ್ಲಿ ಆ ಹಳೇ ಹೆದರಿಕೆ ಇನ್ನೂ ಇದೆ, ನಾನು ಕಣ್ಣಾರೆ ನೋಡಿದೆ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಕೆರೆಗೆ ಇಳಿದಾಗಲೂ ಒಂದು ಬೊಗಸೆ ನೀರಿಗೆ ಇಷ್ಟೆಲ್ಲಾನಾ ಅಂದವರು ಇದ್ದೇ ಇರ್ತಾರೆ.

ಇನ್ನೊಂದು ಮಾತು. ಫೋನು ಈಗ ಶೋಕಿ ಅಲ್ಲ. ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿಯ ಓಟಿಪಿ ಅದಕ್ಕೇ ಬರಬೇಕು, ಗೃಹಲಕ್ಷ್ಮಿಯ ಎರಡು ಸಾವಿರ ಬಿದ್ದ ಮೆಸೇಜು ಅದಕ್ಕೇ, ಬ್ಯಾಂಕು, ಆಧಾರ್ ಎಲ್ಲ ಆ ಹತ್ತು ಅಂಕಿಗೇ ಕಟ್ಟಿದೆ. ಮೂರು ತಿಂಗಳು ಬಳಸದೇ ಇದ್ದರೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಪ್ರೀಪೇಯ್ಡ್ ನಂಬರ್ ಕಿತ್ತುಹಾಕೋ ಹಾಗಿಲ್ಲ ಅಂತ ನಿಯಮ. ಆ ಇಪ್ಪತ್ತನ್ನೇ ರಾಶಿಫಲ ತಿಂದು ಹಾಕಿದರೆ? ನಂಬರ್ ಹೋದರೆ ಅವಳು ಸರ್ಕಾರದ ಕಣ್ಣಿಗೆ ಕಾಣೋದೇ ಇಲ್ಲ. ಸಂಗಾತಿ, ಇದೂ ಮೀಸಲಾತಿಯ ವಿಷಯವೇ. ಸ್ಕಾಲರ್‌ಶಿಪ್ ಕೈತಪ್ಪಿದ ಹುಡುಗಿ ಯಾವ ಒಳಮೀಸಲಾತಿಯ ಸೀಟಿಗೆ ಅರ್ಜಿ ಹಾಕ್ತಾಳೆ?

ನಮ್ಮ ಬೇಡಿಕೆ ಒಂದೇ, 1976ರ ಆ 15ನೇ ಕಲಮಿನದ್ದು. ನಾನು ಒಪ್ಪಿಲ್ಲ ಅಂತ ಗ್ರಾಹಕ ಹೇಳಿದ ತಕ್ಷಣ ದುಡ್ಡು ವಾಪಸ್ ಬರಬೇಕು. ಒಪ್ಪಿದ್ದಾರೆ ಅಂತ ಕಂಪನಿಗೆ ನಂಬಿಕೆ ಇದ್ದರೆ ಅದು ಪುರಾವೆ ತರಲಿ, ಕನ್ನಡದಲ್ಲಿ ತರಲಿ. ಇದನ್ನ ಟ್ರಾಯ್‌ಗೆ ಮನವಿಯಾಗಿ ಬರೀತಿದ್ದೀನಿ, ಜೊತೆಗೆ ಇಪ್ಪತ್ತು ಮೂವತ್ತು ನಿಜವಾದ ಕೇಸುಗಳನ್ನ ಲಗತ್ತಿಸಬೇಕು.

ದೊಡ್ಡವ್ವನಿಗೆ ತೊಂಬತ್ತು ಬಂದ ಮಾರನೇ ದಿನ ಅವಳು ತೋಟದ ಜೊತೆಗಾತಿಯರನ್ನ ನಾಲ್ಕು ಜನ ಕರ್ಕೊಂಡು ಬಂದಳು. ನಾಲ್ಕರಲ್ಲಿ ಮೂರು ಫೋನಿನಲ್ಲಿ ಏನೋ ಒಂದು ಹತ್ತಿಕೊಂಡಿತ್ತು. ಒಬ್ಬಳದ್ದರಲ್ಲಿ ಕ್ರಿಕೆಟ್ ಸ್ಕೋರು, ಒಬ್ಬಳದ್ದರಲ್ಲಿ ಇಂಗ್ಲಿಷ್ ಕಲಿಯಿರಿ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಕೂತ್ಕೊತೀವಿ. ಓದಿದ ಹುಡುಗ ಹುಡುಗಿಯರು ಬನ್ನಿ, ಒಬ್ಬೊಬ್ಬರು ಹತ್ತು ಫೋನು ನೋಡಿದರೂ ಮಧ್ಯಾಹ್ನಕ್ಕೆ ಮುಗಿಯುತ್ತೆ. ಗ್ರೂಪಿನ ಆ ಹಿರಿಯರಿಗೂ ಫೋನ್ ಮಾಡಿದ್ದೆ, ಬರ್ತೀನಿ ಅಂದಿದ್ದಾರೆ. ಅವರ ಬಿಲ್ಲನ್ನೂ ತರೋಕೆ ಹೇಳಿದ್ದೀನಿ. ಬರೋರು ಒಂದು ಪೆನ್ನು, ಒಂದು ನೋಟ್‌ಬುಕ್, ಆದರೆ ಒಂದು ಹಳೇ ಪಿನ್ನಿನ ಚಾರ್ಜರ್ ತನ್ನಿ, ಭವನದಲ್ಲಿ ಒಂದೇ ಇದೆ.

ಜೈ ಭೀಮ್.